ಲೋಹಜಂಘೆಯ ಸೇತುವೆಯೂ ಕೊಟ್ರೇಶನ ಅಭಿಪ್ರಾಯವೂ

ಎಲೈ ಅಂತರ್ಜಾಲದ ಅಧಿದೇವತೆಯೇ, ಅರ್ಧ ಲೋಡಾಗಿ ತಿರುಗುತ್ತಲೇ ನಿಲ್ಲುವ ಚಕ್ರರೂಪಿಣಿಯೇ, ಕೇಳಿದವರಿಗೂ ಕೇಳದವರಿಗೂ ಒಂದೇ ಧಾರಾಳದಿಂದ ಅಭಿಪ್ರಾಯಗಳನ್ನು ದಯಪಾಲಿಸುವವಳೇ, ಈ ಗಾಥೆ ಮುಗಿಯುವವರೆಗಾದರೂ ಸಿಗ್ನಲ್ ಕೊಟ್ಟು ಕಾಪಾಡು. ಯಾವ ಯುಗದಲ್ಲಿ ಉಂಡವನು ತೇಗುವ ಮೊದಲೇ ಹೋಟೆಲಿಗೆ ನಕ್ಷತ್ರ ಹಂಚುತ್ತಾನೋ, ಯಾವ ಯುಗದಲ್ಲಿ ಆಸ್ಪತ್ರೆಯಿಂದ ಹೊರಬಂದವನು ತನ್ನ ಗಾಯಕ್ಕಿಂತ ಮೊದಲು ಅಲ್ಲಿಯ ಪಾರ್ಕಿಂಗನ್ನು ವಿಮರ್ಶಿಸುತ್ತಾನೋ, ಯಾವ ಯುಗದಲ್ಲಿ ಸಕಲ ಚರಾಚರ ವಸ್ತುಗಳೂ ಮೇಲೆತ್ತಿದ ಅಥವಾ ಕೆಳಗಿಳಿಸಿದ ಒಂದು ಹೆಬ್ಬೆರಳಿನ ತೀರ್ಪಿಗೆ ತಲೆಬಾಗಿ ನಿಂತಿವೆಯೋ, ಆ ಹೆಬ್ಬೆರಳ ಯುಗದಲ್ಲಿ, ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯೊಂದರಲ್ಲಿ, ವಿನೈಲ್-ವಿಸ್ತಾರ-ವಿಶಾರದನೂ, ನಗುಮುಖ-ನಮಸ್ಕಾರ-ನಿರ್ಮಾಪಕನೂ, ಜನ್ಮದಿನ-ಶುಭಾಶಯ-ಸಾರ್ವಭೌಮನೂ ಆದ ಕೊಟ್ರೇಶನೆಂಬ ವೀರನು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿದ್ದನು.

ಫ್ಲೆಕ್ಸ್ ಮಾಡುವುದೆಂದರೆ ಬಣ್ಣ ಬಳಿಯುವುದಲ್ಲ, ಲೋಕದ ವ್ಯವಸ್ಥೆಯನ್ನು ಹತ್ತಡಿ ಬಟ್ಟೆಯ ಮೇಲೆ ಪುನಃಸ್ಥಾಪಿಸುವುದು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಸ್ವಾಮಿಗಳು. ಅದರ ಕೆಳಗೆ ರಾಜ್ಯಮಟ್ಟದ ನಾಯಕರು. ನಡುವೆ, ಆಳೆತ್ತರಕ್ಕೆ, ಅಂದು ಹುಟ್ಟಿದ ಪುಣ್ಯವಂತ. ಕೆಳಗೆ ಕೆಳಗೆ ಹೋದಂತೆ ಸಣ್ಣ ಸಣ್ಣ ದುಂಡು ಚಿತ್ರಗಳಲ್ಲಿ ಶುಭ ಕೋರುವ ಗೆಳೆಯರ ಬಳಗ, ಎಲ್ಲರೂ ಒಂದೇ ಸ್ಟುಡಿಯೋದಲ್ಲಿ ಒಂದೇ ಕೂಲಿಂಗ್ ಗ್ಲಾಸ್ ಹಾಕಿ ತೆಗೆಸಿಕೊಂಡವರು. ಈ ಸಾಲುಗಳಲ್ಲಿ ಒಂದು ಗೇಣು ಹೆಚ್ಚುಕಮ್ಮಿಯಾದರೂ ಊರಲ್ಲಿ ಗಲಾಟೆ. ಅಂಗಡಿ ಹೊಸದಾಗಿ ಇಟ್ಟಿದ್ದಾಗ ಕೊಟ್ರೇಶನು ಒಮ್ಮೆ ತಾಲ್ಲೂಕು ಮುಖಂಡರೊಬ್ಬರನ್ನು ಸ್ವಾಮಿಗಳಿಗಿಂತ ಒಂದು ಸಾಲು ಮೇಲೆ ಕೂರಿಸಿಬಿಟ್ಟಿದ್ದ. ಆ ಫ್ಲೆಕ್ಸು ಮಧ್ಯಾಹ್ನದೊಳಗೆ ಹರಿದು ಚಿಂದಿಯಾಯಿತು, ಅವನು ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಅಂದಿನಿಂದ ಅವನ ಬಲಗೈಗೆ ತನ್ನದೇ ಆದ ಧರ್ಮಬುದ್ಧಿ ಬಂದಿತ್ತು. ಗಡ್ಡ ಕಂಡರೆ ಮೇಲಕ್ಕೆ ಒಯ್ಯುತ್ತಿತ್ತು.

ಇಂಥ ವೀರನು ಬಿಡುವಿನ ವೇಳೆಯಲ್ಲಿ ‘ಕಂಚಿನಗಡ’ ಎಂಬ ವಿಡಿಯೋ ಗೇಮನ್ನು ಆಡುತ್ತಿದ್ದನು.

ಗದಗಿನಲ್ಲಿ ಮನೆಯ ಮಹಡಿಯ ಮೇಲೊಂದು ಕೋಣೆಯಲ್ಲಿ ಕೂತು ಅಕ್ಕ-ತಮ್ಮ ಇಬ್ಬರೇ ಸೇರಿ ತಯಾರಿಸಿದ ಆಟ ಅದು. ದೊಡ್ಡ ಕಂಪನಿಯ ಹಂಗಿಲ್ಲ, ಜಾಹೀರಾತಿಲ್ಲ. ರಾಕ್ಷಸರ ಕೂಗನ್ನೂ ತಮ್ಮನೇ ನೀರಿನ ಕೊಡದೊಳಗೆ ಮುಖವಿಟ್ಟು ಕೂಗಿದ್ದನಂತೆ. ಆಟದ ಕ್ರಮ ವಿಚಿತ್ರ. ಚೌಕಗಳ ಹಾಸಿನ ಮೇಲೆ ಸೈನಿಕರನ್ನು ಸಾಲಾಗಿ ನಿಲ್ಲಿಸಬೇಕು. ‘ಯುದ್ಧ’ ಎಂಬ ಗುಂಡಿ ಒತ್ತಬೇಕು. ಅಲ್ಲಿಂದಾಚೆ ಆಡುವವನು ಏನೂ ಮಾಡುವಂತಿಲ್ಲ. ಪರದೆಯ ಮೇಲ್ಗಡೆಯಿಂದ ಶತ್ರು ಇಳಿದು ಬರುತ್ತದೆ, ಸೈನಿಕರು ತಾವೇ ಹೊಡೆದಾಡಿ ತಾವೇ ಗೆಲ್ಲುತ್ತಾರೆ ಅಥವಾ ಸಾಯುತ್ತಾರೆ. ಹಿಂದಿನ ಕಾಲದ ಸೇನಾನಿಗಳಿಗೆ ರಣರಂಗದಲ್ಲಿ ಬೆವರು ಒರೆಸಿಕೊಳ್ಳಲೂ ಕೈ ಬಿಡುವಿರುತ್ತಿರಲಿಲ್ಲ. ನಮ್ಮ ಸೇನಾನಿಗೆ ಯುದ್ಧ ನಡೆಯುವಾಗ ಮಂಡಕ್ಕಿ ತಿನ್ನಲು ಎರಡೂ ಕೈ ಖಾಲಿ.

ಖಾಲಿ ಕೈಗಳ ಈ ಮಹಾಯುದ್ಧದಲ್ಲಿ ಕೊಟ್ರೇಶನು ಹೊಳೆ ದಾಟುವ ಸೇತುವೆಯ ಲೆವೆಲಿನವರೆಗೆ ದಿಗ್ವಿಜಯ ಮಾಡಿದ್ದನು. ಆ ಸೇತುವೆಯನ್ನು ಕಾಯುವವಳು ಲೋಹಜಂಘೆ, ಕಬ್ಬಿಣದ ಕಾಲಿನ ರಾಕ್ಷಸಿ. ಇವನ ಸೇನೆಯಲ್ಲಿ ಗುರಾಣಿಯವರಿದ್ದರು, ಬಿಲ್ಲುಗಾರರಿದ್ದರು, ಟಗರಿನ ಮೇಲೆ ಕೂತ ಒಬ್ಬ ಸವಾರನಿದ್ದನು, ಮತ್ತು ಗಾಯಗೊಂಡವರನ್ನು ಮಂತ್ರ ಹೇಳಿ ವಾಸಿಮಾಡುವ, ಎದೆಯವರೆಗೆ ಬಿಳಿಗಡ್ಡ ಇಳಿಬಿಟ್ಟ ಒಬ್ಬ ವೈದ್ಯಮುನಿ ಇದ್ದನು. ಕೊಟ್ರೇಶನ ಕೈ ಆ ಮುನಿಯನ್ನು ಕಂಡೊಡನೆ ಹಾಸಿನ ಅತಿ ಮೇಲಿನ ಸಾಲಿನ ನಟ್ಟನಡುವೆ, ಸುತ್ತ ಒಂದಿಷ್ಟು ಜಾಗ ಬಿಟ್ಟು, ಗೌರವದಿಂದ ಪ್ರತಿಷ್ಠಾಪಿಸುತ್ತಿತ್ತು. ಲೋಹಜಂಘೆ ಬಂದು ಮೊದಲ ಒದೆಗೇ ಅವನನ್ನು ಹೊಳೆಗೆ ಕೆಡವುತ್ತಿದ್ದಳು. ಹೀಗೆ ಒಂದು ತಿಂಗಳು ನಡೆಯಿತು. ಮುನಿ ಸತ್ತಷ್ಟೂ ಕೊಟ್ರೇಶನ ಭಕ್ತಿ ಹೆಚ್ಚಾಯಿತೇ ಹೊರತು, ಅವನನ್ನು ಬೇರೆಲ್ಲಾದರೂ ನಿಲ್ಲಿಸಬಹುದೆಂಬ ಪಾಪದ ಯೋಚನೆ ಸುಳಿಯಲಿಲ್ಲ. ತಪ್ಪು ಆಟದ್ದೆಂದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಆದ್ದರಿಂದ ಅವನು ಆಟದ ಪುಟದಲ್ಲಿ, ಆಡಿದವರು ಅಭಿಪ್ರಾಯ ಬರೆಯುವ ಜಾಗದಲ್ಲಿ, ಹೆಬ್ಬೆರಳನ್ನು ಕೆಳಗೆ ಮಾಡಿ ಹೀಗೆ ಬರೆದನು:

“ಈ ಆಟದಲ್ಲಿ ಹಿರಿಯರಿಗೆ ಬೆಲೆ ಇಲ್ಲ. ಸೇತುವೆಯ ಹತ್ತಿರ ವೈದ್ಯಮುನಿಗಳು ಪ್ರತಿ ಸಲವೂ ಮೊದಲನೇ ಏಟಿಗೇ ತೀರಿಕೊಳ್ಳುತ್ತಾರೆ. ಅವರು ಹೋದ ಮೇಲೆ ಗಾಯ ವಾಸಿಮಾಡುವವರಿಲ್ಲದೆ ಎಲ್ಲರೂ ಹೋಗುತ್ತಾರೆ. ಅಷ್ಟು ದೊಡ್ಡ ಗಡ್ಡ ಕೊಟ್ಟು ಇಷ್ಟು ಸಣ್ಣ ಆಯಸ್ಸು ಇಟ್ಟವರಿಗೆ ಸಂಸ್ಕಾರವಿಲ್ಲ. ರಾಕ್ಷಸಿಗೂ ಒಂದು ಮರ್ಯಾದೆ ಬೇಡವೇ? ಲೆಕ್ಕಾಚಾರ ಸರಿಯಿಲ್ಲದ ಆಟ. ಯಾರೂ ಕೊಳ್ಳಬೇಡಿ. — ಕೊಟ್ರೇಶ್ ಕೆ., ದಾವಣಗೆರೆ.”

ಓದುಗರು ಮುಗಿಬಿದ್ದರು. ಬೇರೆಯವರ ಅಭಿಪ್ರಾಯಗಳು ಒಂದೊಂದಾಗಿ ಕೆಳಗೆ ಜಾರಿ, ಕೊಟ್ರೇಶನದು ಪುಟದ ನೆತ್ತಿಗೇರಿತು. ಅದರ ಕೆಳಗೆ ದಿನದಿನವೂ ಗುರುತುಗಳು ಬೆಳೆದವು: ಹಲ್ಲು ಬಿಟ್ಟು ನಗುವ ಸಣ್ಣ ಹಳದಿ ಮುಖಗಳು. ‘ಉಪಯೋಗವಾಯಿತು’ ಎಂಬ ಇನ್ನೊಂದು ಗುರುತು ಪಕ್ಕದಲ್ಲೇ ಇತ್ತು. ಅದನ್ನು ಯಾರೂ ಒತ್ತಿರಲಿಲ್ಲ. ಆದರೆ ದಿನವಿಡೀ ನಗುಮುಖಗಳನ್ನೇ ಕತ್ತರಿಸಿ ಅಂಟಿಸುವ ನಮ್ಮ ವೀರನ ಶಾಸ್ತ್ರದಲ್ಲಿ ನಗುವ ಮುಖಕ್ಕೆ ಒಂದೇ ಅರ್ಥವಿತ್ತು, ಶುಭ ಕೋರುವವರು. ಗದಗಿನ ಅಕ್ಕ ಅದರಡಿಯಲ್ಲಿ ವಿನಯದಿಂದ, “ಸರ್, ನಿಮ್ಮ ಸೇನೆ ನಿಲ್ಲಿಸಿದ್ದರ ಒಂದು ಫೋಟೋ ಕಳಿಸ್ತೀರಾ, ನೋಡ್ತೀವಿ” ಎಂದು ಬರೆದಿದ್ದಳು. ತನ್ನ ಮಾತಿಗೆ ಸಾಕ್ಷಿ ಕೇಳುತ್ತಿದ್ದಾಳೆಂದು ಅವನು ಉತ್ತರಿಸಲಿಲ್ಲ.

ಇಲ್ಲಿ ಕವಿಯು ಒಂದು ಕ್ಷಣ ವ್ಯಂಗ್ಯವನ್ನು ಬದಿಗಿಡಬೇಕಾಗುತ್ತದೆ. ಬಹಳ ಹೊತ್ತು ಇಡುವುದಿಲ್ಲ. ಈ ಊರಿನ ಪ್ರತಿ ಕಂಬದ ಮೇಲೂ ಕೊಟ್ರೇಶನ ಕೈಕೆಲಸ ತೂಗುತ್ತಿತ್ತು, ಯಾವುದರಲ್ಲೂ ಅವನ ಮುಖವಿರಲಿಲ್ಲ. ಯಾರೂ ಅವನನ್ನು ಯಾವುದರ ಬಗ್ಗೆಯೂ ಏನನ್ನಿಸುತ್ತದೆ ಎಂದು ಕೇಳಿರಲಿಲ್ಲ. “ಹೆಸರು ಇನ್ನೂ ದೊಡ್ಡದು ಮಾಡು” ಎನ್ನುತ್ತಿದ್ದರು. ಇಡೀ ಭೂಮಂಡಲದಲ್ಲಿ ಅವನ ಹೆಸರಿನ ಜೊತೆ ಅವನ ಮಾತೂ ಇದ್ದದ್ದು ಆ ಒಂದೇ ಜಾಗದಲ್ಲಿ, ಅದೂ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ. ಬೆಳಿಗ್ಗೆ ಅಂಗಡಿಗೆ ಬಂದವನೇ ಊದುಬತ್ತಿ ಹಚ್ಚಿ, ಆಮೇಲೆ ಆ ಪುಟ ತೆರೆದು ನೋಡುತ್ತಿದ್ದ.

ಪಕ್ಕದ ಮಳಿಗೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಸದ್ಯೋಜಾತನಿದ್ದನು: ಒಡೆದ-ಗಾಜು-ಸಂಧಾನ-ಚತುರ, ಚಾರ್ಜರ್-ಚಕ್ರವರ್ತಿ, ಕೊಟ್ರೇಶನ ಹೈಸ್ಕೂಲು ಗೆಳೆಯ. ಸಂಜೆಯ ಮಿರ್ಚಿ-ಮಂಡಕ್ಕಿ ಇಬ್ಬರಿಗೂ ಒಂದೇ ಪೊಟ್ಟಣದಲ್ಲಿ. ಅವನೂ ಕಂಚಿನಗಡ ಆಡುತ್ತಿದ್ದನು, ಸೇತುವೆ ದಾಟಿ ಎಷ್ಟೋ ಮುಂದೆ ಹೋಗಿದ್ದನು. ಗೆಳೆಯನ ಅಭಿಪ್ರಾಯದಿಂದ ಆಟದ ಮಾರಾಟ ಬಿದ್ದುಹೋಗಿದೆ ಎಂದು ಗದಗಿನವರು ಅದೇ ಪುಟದಲ್ಲಿ ಬರೆದುಕೊಂಡದ್ದನ್ನು ಓದಿದ ದಿನ, ಅವನು ಹೆಬ್ಬೆರಳು ಮೇಲೆತ್ತಿ ತನ್ನದೂ ಒಂದು ಅಭಿಪ್ರಾಯ ಬರೆದನು: “ಆಟ ಚೆನ್ನಾಗಿದೆ. ಸೋತವರು ತಮಗೆ ಜೋಡಿಸೋಕೆ ಬರಲ್ಲ ಅಂತ ಒಪ್ಪಿಕೊಳ್ಳಲಿ.”

ಜೋಡಿಸಲು ಬರುವುದಿಲ್ಲ. ಈ ಮಾತು ಫ್ಲೆಕ್ಸ್ ಮಾಡುವವನ ಎದೆಗೆ ಹೇಗೆ ನಾಟುತ್ತದೆ ಎಂದು ತಿಳಿಯಲು ಅಡುಗೆಭಟ್ಟನಿಗೆ ಉಪ್ಪಿನ ಅಂದಾಜಿಲ್ಲ ಎಂದು ಹೇಳಿ ನೋಡಬೇಕು. ಕೊಟ್ರೇಶನು ಮಂಡಕ್ಕಿಯ ಪೊಟ್ಟಣವನ್ನು ಸದ್ಯೋಜಾತನ ಕೈಯಿಂದ ಕಿತ್ತುಕೊಂಡನು. ಇದು ಯುದ್ಧಘೋಷಣೆ.

“ಯಾರಿಗಲೇ ಜೋಡ್ಸಾಕೆ ಬರಲ್ಲ ಅಂತ ಬರ್ದಿರೋದು?”

“ನಾನೇನು ಹೆಸರು ಬರ್ದಿದೀನಾ?”

“ಈ ಓಣಿಯಾಗೆ ಆ ಆಟ ಆಡೋರು ನಾವಿಬ್ರೇ.”

“ಹಂಗಾದ್ರೆ ನಾನಲ್ಲ, ಇನ್ನೊಬ್ಬ.”

ಆಗ ಕೊಟ್ರೇಶನು, ಪ್ರಳಯಕಾಲದ ಮೇಘದಂತೆ ಕಪ್ಪಾಗಿ, ಹೀಗೆ ಗರ್ಜಿಸಿದನೆಂದು ಕವಿಗಳು ಹೇಳುತ್ತಾರೆ: “ಎಲವೋ ಚಾರ್ಜರ್-ಚಕ್ರವರ್ತಿಯೇ, ಯಾವನ ಜೋಡಣೆಯ ಮುಂದೆ ಮೂರು ಪಕ್ಷಗಳ ಮುಖಂಡರೂ ಮುನಿಸಿಲ್ಲದೆ ಒಂದೇ ಬಟ್ಟೆಯ ಮೇಲೆ ನಗುತ್ತಾ ನಿಲ್ಲುವರೋ, ಯಾವನ ಮೌಸಿನ ಒಂದು ಎಳೆತಕ್ಕೆ ವಾರ್ಡು ವಾರ್ಡುಗಳೇ ಮೇಲೇರಿ ಕೆಳಗಿಳಿಯುವವೋ, ಅಂಥವನಿಗೆ ನೀನು ಸಾಲಿನ ಪಾಠ ಹೇಳುವೆಯಾ? ಭಾನುವಾರ ಬಾ. ಅದೇ ಸೇನೆ, ಅದೇ ಸೇತುವೆ. ನಾನು ಸೋತು ನೀನು ಗೆದ್ದರೆ ನನ್ನ ಅಭಿಪ್ರಾಯವನ್ನು ಈ ಕೈಯಿಂದಲೇ ಅಳಿಸುವೆನು. ನೀನೂ ಸೋತೆಯೋ, ನಿನ್ನ ಹೆಬ್ಬೆರಳೂ ಕೆಳಗಿಳಿಯತಕ್ಕದ್ದು.”

ಕವಿಗಳು ಹಾಗೆ ಹೇಳುತ್ತಾರೆ. ಓಣಿಯವರು ಕೇಳಿಸಿಕೊಂಡದ್ದು, “ಭಾನುವಾರ ಬಾರಲೇ, ತೋರಿಸ್ತೀನಿ” ಎಂದು.

ಭಾನುವಾರ ಬಂತು. ಅಂಗಡಿಯ ದೊಡ್ಡ ಪರದೆಯ ಮುಂದೆ ವೀರರಿಬ್ಬರೂ ಎದುರಾದರು. ಎದುರಾದರೆಂದರೆ, ಕುರ್ಚಿ ಒಂದೇ ಇದ್ದುದರಿಂದ ಒಬ್ಬನು ಕೂತನು, ಇನ್ನೊಬ್ಬನು ಫ್ಲೆಕ್ಸ್ ಬಟ್ಟೆಯ ವಿನೈಲ್ ಸುರುಳಿಗೆ ಒರಗಿ ನಿಂತನು. ಅಷ್ಟರಲ್ಲಿ ಒಳಬಂದವರು ಹಾಲೇಶಣ್ಣ. ವಾರ್ಡಿನ ಮುಖಂಡರು, ಚಿನ್ನದ ಗಡಿಯಾರದವರು, ತಮ್ಮ ಹುಟ್ಟುಹಬ್ಬದ ಫ್ಲೆಕ್ಸಿಗೆ ಫೋಟೋ ಆರಿಸಲು ಬಂದವರು. “ಒಂದೈದು ನಿಮಿಷ ಕೂತ್ಕಳಿ ಅಣ್ಣ” ಎಂದು ಕೊಟ್ರೇಶನು ಪ್ಲಾಸ್ಟಿಕ್ ಸ್ಟೂಲು ತೋರಿಸಿ ಸೇನೆಯನ್ನು ನಿಲ್ಲಿಸತೊಡಗಿದನು.

ಹಾಲೇಶಣ್ಣ ಪರದೆಯನ್ನೇ ನೋಡಿದರು.

“ಯಾರ್ದೋ ಇದು ಬರ್ತ್‌ಡೇ?”

“ಬರ್ತ್‌ಡೇ ಅಲ್ಲಣ್ಣ, ಆಟ.”

“ಮೇಲೆ ನಡುವೆ ಅದಾರಲ್ಲ, ಯಾವ ಮಠದ ಸ್ವಾಮಿಗಳು?”

“ವೈದ್ಯಮುನಿ ಅಣ್ಣ.”

“ಚೆನ್ನಾಗಿ ಕೂರಿಸಿದೀಯ. ಸುತ್ತ ಜಾಗ ಬಿಟ್ಟಿರೋದು ಬಾಳ ಚೆನ್ನಾಗಿ ಬಂದೈತೆ.” ಹಾಲೇಶಣ್ಣ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. “ಈ ಟಗರಿನ ಮೇಲೆ ಕುಂತಿರೋನು ಯಾವ ವಾರ್ಡು?”

ಸದ್ಯೋಜಾತನು ಸುರುಳಿಯ ಹಿಂದೆ ಮುಖ ಮುಚ್ಚಿಕೊಂಡನು. ಕೊಟ್ರೇಶನಿಗೆ ಮಾತ್ರ ಆ ಹೊಗಳಿಕೆ ಕವಚ ತೊಡಿಸಿದಂತಾಯಿತು. ಜಗತ್ತಿನಲ್ಲಿ ಕಣ್ಣಿರುವವರು ಇನ್ನೂ ಇದ್ದಾರೆ. ಅವನು ಟಗರಿನ ಸವಾರನನ್ನು ನಡುವೆ ಎದ್ದುಕಾಣುವಂತೆ ನಿಲ್ಲಿಸಿ, ಎಡಬಲಕ್ಕೆ ಬಿಲ್ಲುಗಾರರನ್ನು ಸಮತೂಕದಲ್ಲಿ ಜೋಡಿಸಿ, ಗುರಾಣಿ ಹಿಡಿದ ಒರಟರನ್ನೆಲ್ಲ ಗೆಳೆಯರ ಬಳಗದ ಜಾಗಕ್ಕೆ, ಅಂದರೆ ಕಟ್ಟಕಡೆಯ ಸಾಲಿಗೆ ಒತ್ತಿದನು. ಅದು ನೋಡಲು ಸುಂದರವಾದ ಸೇನೆ. ಅಳತೆಯಲ್ಲಿ ಲೋಪವಿಲ್ಲ. ಅದರ ಕೆಳಗೆ ‘ಹಾರ್ದಿಕ ಶುಭಾಶಯಗಳು’ ಎಂದು ಬರೆದು ಸರ್ಕಲ್ಲಿನಲ್ಲಿ ಕಟ್ಟುವುದೊಂದೇ ಬಾಕಿ.

ಅವನು ಗುಂಡಿ ಒತ್ತಿ, ಕೈಕಟ್ಟಿದನು.

ಆಗ ಲೋಹಜಂಘೆಯು, ಕೊಡದೊಳಗಿಂದ ಬಂದ ಕೂಗನ್ನು ಕೂಗುತ್ತಾ, ದಿಕ್ಕುಗಳು ನಡುಗುವಂತೆ, ಹೊಳೆಯ ಮೀನುಗಳು ದಡಕ್ಕೆ ಹಾರುವಂತೆ, ಕಬ್ಬಿಣದ ಹೆಜ್ಜೆಗಳನ್ನಿಡುತ್ತಾ ಮೇಲಿನಿಂದ ಇಳಿದು ಬಂದಳು. ಬಂದವಳು ಗಡ್ಡವನ್ನು ನೋಡಲಿಲ್ಲ, ವಯಸ್ಸನ್ನು ನೋಡಲಿಲ್ಲ, ಸುತ್ತ ಬಿಟ್ಟಿದ್ದ ಜಾಗವನ್ನಂತೂ ಕಾಲು ಬೀಸಲು ಅನುಕೂಲವಾಯಿತೆಂದೇ ಬಗೆದು, ಮುನಿಯನ್ನು ಒದ್ದಳು. ಮುನಿ ಹೊಳೆಗೆ ಬಿದ್ದನು. ಬಿಲ್ಲುಗಾರರು ಬಿದ್ದರು. ಟಗರು ಸವಾರನನ್ನು ಬಿಟ್ಟು ಓಡಿತು. ಹಿಂದೆ ಇದ್ದ ಗುರಾಣಿಯವರಿಗೆ ಮುಂದೆ ಏನಾಗುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಅವರ ಸರದಿ ಬಂದಿತ್ತು.

“ಛೆ ಛೆ,” ಎಂದರು ಹಾಲೇಶಣ್ಣ, “ಸ್ವಾಮಿಗಳನ್ನ ಹಂಗೆ ಒದೀತಾರೇನೋ. ಯಾರು ಮಾಡಿದ್ದು ಇದನ್ನ?”

“ಗದಗಿನೋರು ಅಣ್ಣ,” ಎಂದು ಕೊಟ್ರೇಶನು ನ್ಯಾಯ ಸಿಕ್ಕವನ ದನಿಯಲ್ಲಿ ಹೇಳಿದನು. “ಇದನ್ನೇ ನಾನು ಬರ್ದಿರೋದು.”

“ಎದ್ದೇಳಲೇ,” ಎಂದನು ಸದ್ಯೋಜಾತ.

ಅವನು ಕೂತನು. ಬೆರಳುಗಳ ನೆಟಿಗೆಯನ್ನು ಲಟಲಟ ಮುರಿದನು. ಅವನಿಂದ ಘೋರವಾದ ವ್ಯೂಹರಚನೆಯೊಂದನ್ನು ನಿರೀಕ್ಷಿಸಿ ಕವಿಯು ಹಲವು ಸಮಾಸಪದಗಳನ್ನು ಮೊದಲೇ ತಯಾರಿಸಿ ಇಟ್ಟುಕೊಂಡಿದ್ದನು, ಎಲ್ಲವೂ ದಂಡವಾದವು. ಸದ್ಯೋಜಾತನು ಗುರಾಣಿಯವರನ್ನು ಮೇಲಕ್ಕೆಳೆದನು, ಮುನಿಯನ್ನು ಕೆಳಕ್ಕೆಳೆದನು. ಬೇರೆ ಯಾರನ್ನೂ ಮುಟ್ಟಲಿಲ್ಲ.

“ಏಯ್,” ಎಂದು ಹಾಲೇಶಣ್ಣ ಸ್ಟೂಲಿನಿಂದ ಎದ್ದೇಬಿಟ್ಟರು. “ಸ್ವಾಮಿಗಳನ್ನ ಕೆಳಗಿನ ಸಾಲಿಗೆ ಹಾಕ್ತೀಯೇನಲೇ? ಮಠದೋರು ನೋಡಿದ್ರೆ ಸುಮ್ನೆ ಬಿಡ್ತಾರಾ?”

“ಅಣ್ಣ, ಅವರಿಗೇನೂ ಆಗಬಾರದು ಅಂತಾನೇ ಹಿಂದೆ ನಿಲ್ಸಿರೋದು.”

“ಹಿಂದೆ ಎಲ್ಲೈತೆ? ಅದು ಕೆಳಗೆ.”

“ಮೇಲೆ ಇರೋದು ಮುಂದೆ ಅಣ್ಣ. ಕೆಳಗೆ ಇರೋದು ಹಿಂದೆ. ರಾಕ್ಷಸಿ ಬರೋದು ಮೇಲಿಂದ.”

ಈ ಮಾತು ಹಾಲೇಶಣ್ಣನವರಿಗೆ ತಾಗಲಿಲ್ಲ. ಅದು ಅವರನ್ನು ದಾಟಿ ಕೊಟ್ರೇಶನ ಬಳಿಗೆ ಬಂದು ನಿಂತಿತು. ಅವನು ತನ್ನ ಬಲಗೈಯನ್ನು ನೋಡಿಕೊಂಡನು. ಒಂದು ತಿಂಗಳು ಅವನು ಯುದ್ಧ ಮಾಡಿರಲಿಲ್ಲ. ಒಂದು ತಿಂಗಳಿಂದ ಒಬ್ಬ ಮುದುಕನನ್ನು ಗೌರವಪೂರ್ವಕವಾಗಿ ರಾಕ್ಷಸಿಯ ಕಾಲಡಿಗೆ ತಳ್ಳುತ್ತಿದ್ದನು, ಪ್ರತಿ ಸಲವೂ ಅಳತೆ ನೋಡಿ, ನಟ್ಟನಡುವೆ.

ಗುಂಡಿ ಒತ್ತಿದ್ದಾಯಿತು. ಲೋಹಜಂಘೆ ಬಂದು ಗುರಾಣಿಗಳಿಗೆ ಒದ್ದಳು. ಗುರಾಣಿಯವರು ಬಿದ್ದರು, ಹಿಂದಿನಿಂದ ಮುನಿ ಏನೋ ಗೊಣಗಿದನು, ಅವರು ಎದ್ದರು. ಮತ್ತೆ ಒದ್ದಳು, ಬಿದ್ದರು, ಗೊಣಗಿದನು, ಎದ್ದರು. ಇದರಲ್ಲಿ ಯಾವ ವೈಭವವೂ ಇರಲಿಲ್ಲ. ಕೊನೆಗೆ ರಾಕ್ಷಸಿಗೇ ಸುಸ್ತಾಗಿ, ಟಗರು ಬಂದು ಒಂದು ಗುದ್ದು ಕೊಟ್ಟದ್ದಕ್ಕೆ ಹೊಳೆಗೆ ಜಾರಿಬಿದ್ದಳು. ಪರದೆಯ ಮೇಲೆ ‘ವಿಜಯ’ ಎಂದು ಬಂತು. ಅಕ್ಷರದ ವಿನ್ಯಾಸ ಚೆನ್ನಾಗಿಲ್ಲ ಎಂದು ಕೊಟ್ರೇಶನ ಕಣ್ಣು ಆ ದುಃಖದಲ್ಲೂ ಗಮನಿಸಿತು.

“ಗೆದ್ದಿದ್ದೇನೋ ಗೆದ್ದ,” ಎಂದರು ಹಾಲೇಶಣ್ಣ, “ಆದ್ರೆ ನೋಡಾಕೆ ನಿಂದೇ ಚೆನ್ನಾಗಿತ್ತು ಬಿಡು ಕೊಟ್ರೇಶಿ. ನಾನು ಟೀ ಕುಡ್ದು ಬರ್ತೀನಿ, ಫೋಟೋ ತೆಗ್ದಿಡು.”

ಅವರು ಹೋದರು. ಸೋತ ವೀರನು ಮಾತಿಗೆ ತಪ್ಪುವವನಲ್ಲ. ಅವನು ಆಟದ ಪುಟ ತೆರೆದು, ನೆತ್ತಿಯ ಮೇಲೆ ನಿಂತ ತನ್ನ ಹೆಸರಿನ ಪಕ್ಕದ ‘ಅಳಿಸು’ ಗುಂಡಿಯ ಹತ್ತಿರ ಮೌಸನ್ನು ತಂದನು. ಅಲ್ಲೇ ನಿಲ್ಲಿಸಿದನು.

“ಇರ್ಲಿ ಬಿಡಲೇ,” ಎಂದನು ಸದ್ಯೋಜಾತ. “ಗದಗಿನೋರಿಗೆ ನಾನು ಬೇರೆ ಏನಾರ ಬರೀತೀನಿ.”

“ಮಾತು ಅಂದ್ರೆ ಮಾತು. ಅಳಿಸ್ತೀನಿ.” ಮೌಸು ಅಲುಗಲಿಲ್ಲ. “ಆದ್ರೆ ಸದ್ಯಾ, ಇಷ್ಟು ಜನ ಮೆಚ್ಚಿದಾರಲ್ಲೋ. ನೋಡು. ಇವ್ರೆಲ್ಲರಿಗೆ ಏನ್ ಹೇಳ್ಲಿ?”

ಸದ್ಯೋಜಾತನು ಹಳದಿ ಮುಖಗಳನ್ನು ನೋಡಿದನು. ಆ ಮುಖಗಳ ಅರ್ಥವೆಂಬ ಈ ಆಯುಧವು ಮೊದಲ ದಿನದಿಂದಲೂ ಅವನ ಬತ್ತಳಿಕೆಯಲ್ಲಿತ್ತು. ಜಗಳದ ದಿನ, ಪೊಟ್ಟಣ ಕಿತ್ತುಕೊಂಡಾಗಲೂ, ಅವನು ಅದನ್ನು ತೆಗೆದಿರಲಿಲ್ಲ. ಈಗಲೂ ತೆಗೆಯಲು ಮನಸ್ಸಿರಲಿಲ್ಲ.

“ಕೊಟ್ರ, ಅದು ಮೆಚ್ಚಿದ್ದಲ್ಲ ಕಣೋ.”

“ಮತ್ತೇನು? ನಗ್ತಾ ಇದಾರಲ್ಲ.”

“ಹೂಂ. ನಗ್ತಾ ಇದಾರೆ.”

ಕೊಟ್ರೇಶನು ಮೌಸನ್ನು ಒಂದು ಮುಖದ ಮೇಲೆ ಒಯ್ದನು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ತಮಾಷೆಯಾಗಿದೆ’ ಎಂದು ಮೂಡಿತು. ಇನ್ನೊಮ್ಮೆ ಒಯ್ದನು. ಮತ್ತೆ ಅದೇ ಮೂಡಿತು. ಅವನ ಕಿವಿಗಳು ಕೆಂಪಾದವು. ಸದ್ಯೋಜಾತನು ವಿನೈಲ್ ಸುರುಳಿಯ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದನು. ಯಾರೂ ಕೇಳಿರದ ಕೆಲಸ ಅದು.

“ಎಲ್ರೂನಾ?” ಎಂದು ಕೊಟ್ರೇಶ ಕೇಳಿದನು.

“ಎಲ್ರನ್ನೂ ನೋಡಿಲ್ಲ ನಾನು.”

ಆಮೇಲೆ ನಮ್ಮ ವೀರನು ಅಳಿಸಿದನು. ಮುನಿಗಳ ಮರ್ಯಾದೆ ಹೋಯಿತು, ಗಡ್ಡ-ಆಯಸ್ಸಿನ ನ್ಯಾಯ ಹೋಯಿತು, ರಾಕ್ಷಸಿಯ ಸಂಸ್ಕಾರ ಹೋಯಿತು. ಅವನ ಮಾತಿದ್ದ ಜಾಗ ಬೆಳ್ಳಗಾಯಿತು. “ಅಭಿಪ್ರಾಯ ಬರೆಯಿರಿ” ಎಂದು ಖಾಲಿ ಜಾಗವು ಮತ್ತೆ ಕೇಳಿತು. ಅದು ಎಲ್ಲರನ್ನೂ ಹಾಗೇ ಕೇಳುತ್ತದೆ. ಕೊಟ್ರೇಶನು ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿ ಬರೆದನು:

“ಮುನಿಯನ್ನು ಕೊನೆಯ ಸಾಲಿಗೆ ಹಾಕಿ.”

ಹೆಸರು ಹಾಕಲೋ ಬೇಡವೋ ಎಂದು ಯೋಚಿಸಿ, ಹಾಕಿದನು. ಊರು ಹಾಕಲಿಲ್ಲ.

ಹಾಲೇಶಣ್ಣ ಟೀ ಮುಗಿಸಿ ಬಂದರು. “ಅಲ್ಲಪ್ಪ, ನೀವಿಬ್ರು ಕಿತ್ತಾಡಿದ್ದು ಯಾವುದಕ್ಕೆ?” ಎಂದು ಕೇಳಿದರು.

“ಒಬ್ಬ ಮುದುಕನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ಅಣ್ಣ,” ಎಂದನು ಕೊಟ್ರೇಶ.

“ಅಷ್ಟೇನಾ,” ಎಂದು ಅವರು ತಮ್ಮ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು.

ಹೊಸ ಅಭಿಪ್ರಾಯವು ನಿಯಮದ ಪ್ರಕಾರ ಪುಟದ ಅತಿ ಕೆಳಗೆ, ಯಾರೂ ಇಳಿದು ನೋಡದ ಜಾಗಕ್ಕೆ ಹೋಗಿ ಕೂತಿತು. ಆದರೂ ಸಂಜೆ ಕೊಟ್ರೇಶನು ಇಳಿದು ನೋಡಿದನು. ಅಲ್ಲಿ ‘ಉಪಯೋಗವಾಯಿತು’ ಎಂಬ ಗುರುತು ಒಂದು ಬಿದ್ದಿತ್ತು. ಅವನು ಪಕ್ಕದ ಮಳಿಗೆಗೆ ಹೋಗಿ, “ನೀನಾ?” ಎಂದು ಕೇಳಿದನು. ಸದ್ಯೋಜಾತನು ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು, ಅಲ್ಲ ಎಂದು ತಲೆಯಾಡಿಸಿ, ಪೊಟ್ಟಣವನ್ನು ಅವನ ಕಡೆ ಸರಿಸಿದನು. ಹಾಗಾದರೆ ಅದು ಬೇರೆ ಯಾರೋ, ಯಾವುದೋ ಊರಿನವರು, ಅಂದು ಆ ಸೇತುವೆ ದಾಟಿದವರು.

ಇಂತು ಕೊಟ್ರೇಶ-ಸದ್ಯೋಜಾತರ ಮಹಾಸಮರವು ಸಮಾಪ್ತವಾಯಿತು. ಭೂಮಿ ತೂಗಾಡಲಿಲ್ಲ, ಹೂಮಳೆ ಸುರಿಯಲಿಲ್ಲ, ಗದಗಿನಲ್ಲಿ ಆಟವೂ ಹೆಚ್ಚೇನೂ ಮಾರಾಟವಾಗಲಿಲ್ಲ. ಈ ಗಾಥೆಯನ್ನು ಭಕ್ತಿಯಿಂದ ಕೊನೆತನಕ ಓದಿದವರಿಗೆ ದೊರೆಯುವ ಫಲವೇನೆಂದರೆ, ಅವರು ಕಂಚಿನಗಡದ ಸೇತುವೆಯ ಲೆವೆಲನ್ನು ದಾಟಬಹುದು. ಅದರ ಮುಂದಿನ ಲೆವೆಲಿಗೆ ಬೇರೆ ಯಾರನ್ನಾದರೂ ಕೇಳಿಕೊಳ್ಳಬೇಕು.